ಸೋಮವಾರ ಬಿಟ್ಟ ಮಾತ್ರೆ

ಪಿಯುಸಿ ಮಕ್ಕಳಿಗೆ ರಕ್ತದ ಸ್ಲೈಡ್ ತೋರಿಸುವ ದಿನ ನನ್ನ ಬೆರಳನ್ನೇ ಚುಚ್ಚಿಕೊಳ್ಳುವುದು ನನ್ನ ಪದ್ಧತಿ. ಹದಿಮೂರು ವರ್ಷದಿಂದ ಹಾಗೇ ನಡೆದಿತ್ತು. ಮಕ್ಕಳ ಬೆರಳು ಚುಚ್ಚುವ ಹಾಗಿಲ್ಲ, ಅಟೆಂಡರ್ ಸಿದ್ದಮ್ಮನ ಬೆರಳು ಕೇಳುವುದಕ್ಕೆ ನನಗೆ ಮನಸ್ಸಿಲ್ಲ. ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಇನ್ನೊಂದು ಗಾಜಿನಿಂದ ತೆಳ್ಳಗೆ ಎಳೆದು, ಬಣ್ಣ ಹಾಕಿ, ತೊಳೆದು ಒಣಗಿಸಿ ಮೈಕ್ರೋಸ್ಕೋಪಿನ ಕೆಳಗಿಡುತ್ತೇನೆ. "ಇಷ್ಟೊಂದು ಕೆಂಪು ಕಣಗಳ ಮಧ್ಯೆ ಅಲ್ಲೊಂದು ಇಲ್ಲೊಂದು ನೇರಳೆ ಬಣ್ಣದ್ದು ಕಾಣುತ್ತಲ್ಲ, ಅದೇ ಬಿಳಿ ರಕ್ತಕಣ" ಎಂದು ಪ್ರತಿ ವರ್ಷ ಅದೇ ಮಾತು ಹೇಳುತ್ತೇನೆ.

ಆ ವರ್ಷ ರಂಜಿತಾ ಎಂಬ ಹುಡುಗಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಹೇಳಿದಳು: "ಮಿಸ್, ಅಲ್ಲೊಂದು ಇಲ್ಲೊಂದು ಅಲ್ಲ. ಎಲ್ಲಾ ಕಡೆ ನೇರಳೆನೇ ಇದೆ."

"ದಪ್ಪ ಎಳೆದಿದ್ದೀಯ. ಬಣ್ಣ ಸರಿಯಾಗಿ ತೊಳೆದಿಲ್ಲ" ಎಂದು ಬೈದೆ.

"ಎಳೆದಿದ್ದು ನೀವೇ ಮಿಸ್" ಅಂದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನಾನೇ ಇನ್ನೊಂದು ಸ್ಲೈಡ್ ಮಾಡಿದೆ. ಅದೂ ಹಾಗೇ. ಬಣ್ಣದ ಬಾಟಲಿ ಹಳೆಯದಿರಬೇಕು ಎಂದು ಬೀರುವಿನಿಂದ ಹೊಸದು ತೆಗೆಸಿ ಮೂರನೆಯದು ಮಾಡಿದೆ. ಅಷ್ಟರಲ್ಲಿ ಬೆಲ್ ಹೊಡೆಯಿತು, ಮಕ್ಕಳು ಹೋದರು. ಲ್ಯಾಬಿನಲ್ಲಿ ಒಬ್ಬಳೇ ಕೂತು ನೋಡಿದೆ. ಬರೀ ಸಂಖ್ಯೆ ಜಾಸ್ತಿ ಇದ್ದಿದ್ದರೆ ಏನೋ ಸೋಂಕು ಅಂದುಕೊಳ್ಳಬಹುದಿತ್ತು. ಆದರೆ ಮೂಳೆಯೊಳಗೇ ಬೆಳೆದು ದೊಡ್ಡದಾಗಿ ಆಮೇಲೆ ಹೊರಗೆ ಬರಬೇಕಾದ ಎಳೆಯ ಕಣಗಳೂ ಅಲ್ಲಿದ್ದವು. ಎಂ.ಎಸ್ಸಿ. ಓದುವಾಗ ಚಿತ್ರದಲ್ಲಿ ನೋಡಿದ್ದೆ.

ಸಿದ್ದಮ್ಮನನ್ನು ಕರೆದೆ. "ಸಿದ್ದಮ್ಮ, ಒಂದು ಹನಿ ರಕ್ತ ಕೊಡ್ತೀರಾ?"

"ನಂದ್ಯಾಕ್ ಮೇಡಂ? ನಿಮ್ದು ಮುಗ್ದೋಯ್ತಾ?" ಎಂದು ನಗುತ್ತಾ ಬೆರಳು ಚಾಚಿದರು.

ಅದೇ ಬಾಟಲಿ, ಅದೇ ಕೈ. ಸಿದ್ದಮ್ಮನ ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು ಇತ್ತು. ಬಾಟಲಿ ಸರಿಯಾಗೇ ಇತ್ತು.

ಸಂಜೆ ಕಾಲೇಜಿನ ಹತ್ತಿರದ ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆ. ಮರುದಿನ ಅಲ್ಲಿನವರು ಫೋನ್ ಮಾಡಿ, "ಮೇಡಂ, ಇನ್ನೊಂದ್ಸಲ ಬರ್ತೀರಾ? ಮಿಷನ್ ಏನೋ ತಪ್ಪು ತೋರಿಸ್ತಾ ಇದೆ" ಅಂದರು. "ಮಿಷನ್ ಸರಿಯಾಗಿದೆ ಕಣಪ್ಪ, ಎಷ್ಟು ಹೇಳಿ" ಅಂದೆ. ಹತ್ತು ಸಾವಿರದ ಒಳಗಿರಬೇಕಾದ ಬಿಳಿ ಕಣ ಒಂದು ಲಕ್ಷ ಎಂಬತ್ತು ಸಾವಿರ ಇತ್ತು.

ಹಾಗೆ ನೋಡಿದರೆ ಮೈ ನಾಲ್ಕು ತಿಂಗಳಿಂದ ಹೇಳುತ್ತಲೇ ಇತ್ತು. ಅರ್ಧ ಮುದ್ದೆಗೇ ಹೊಟ್ಟೆ ತುಂಬಿಹೋಗುತ್ತಿತ್ತು, ಎಡಗಡೆ ಪಕ್ಕೆಯ ಕೆಳಗೆ ಭಾರ, ರವಿಕೆಗಳೆಲ್ಲ ಸಡಿಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ "ಸಣ್ಣ ಆಗಿದ್ದೀರಾ, ಏನ್ ಮಾಡ್ತಿದ್ದೀರಾ ಹೇಳ್ರೀ, ನಾವೂ ಮಾಡ್ತೀವಿ" ಎಂದು ಕೇಳುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಹೆಸರು ಮಂಜುಳಾ. ನಮ್ಮ ಮನೆ ಕುಂಬಾರಕೊಪ್ಪಲಿನಲ್ಲಿ. ನಮ್ಮಪ್ಪ ಮಂಡಿ ಮೊಹಲ್ಲಾದ ಸಗಟು ಅಂಗಡಿಗಳಲ್ಲಿ ಮೂಟೆ ಹೊರುತ್ತಿದ್ದರು, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡರು. ಅವ್ವ ಮನೆಯಲ್ಲೇ ಮಣೆ ಇಟ್ಟುಕೊಂಡು ಊದುಬತ್ತಿ ಹೊಸೆದು ನನ್ನನ್ನು ಓದಿಸಿದಳು. ನಾನು ಒಬ್ಬಳೇ ಮಗಳು. ನಮ್ಮ ವಂಶದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ನಾನೇ ಮೊದಲು. ಡಿಗ್ರಿ, ಆಮೇಲೆ ಎಂ.ಎಸ್ಸಿ., ಆಮೇಲೆ ಉಪನ್ಯಾಸಕಿ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಘಟಿಕೋತ್ಸವದ ದಿನ ಅವ್ವ ನನ್ನ ಕಪ್ಪು ಗೌನನ್ನು ಮುಟ್ಟಿ ನೋಡಿ, "ಇದುನ್ನ ವಾಪಸ್ ಕೊಡ್ಬೇಕಾ?" ಎಂದು ಕೇಳಿದ್ದಳು. ಕೊಡಬೇಕು ಎಂದಾಗ ಬಹಳ ಬೇಜಾರು ಮಾಡಿಕೊಂಡಿದ್ದಳು.

ಆಸ್ಪತ್ರೆಗೆ ನಾನು ಮತ್ತು ನನ್ನ ಗಂಡ ಮಹದೇವ ಹೋದೆವು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ. ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆಯುವಾಗ ಹೊರಗೆ ಕೂತಿದ್ದವರು, ನಾನು ಕುಂಟುತ್ತಾ ಬಂದಾಗ "ನೋವಾಯ್ತಾ?" ಎಂದಷ್ಟೇ ಕೇಳಿದರು. ಆಯ್ತು ಅಂದೆ. ಹತ್ತು ದಿನ ಬಿಟ್ಟು ರಿಪೋರ್ಟ್ ಬಂತು. ಡಾಕ್ಟರು ನನಗಿಂತ ಐದಾರು ವರ್ಷ ಚಿಕ್ಕ ಹೆಣ್ಣುಮಗಳು. ಸುತ್ತಿ ಬಳಸಿ ಹೇಳಲಿಲ್ಲ.

"ರಕ್ತದ ಕ್ಯಾನ್ಸರ್. ನಿಧಾನವಾಗಿ ಬೆಳೆಯೋ ಜಾತಿ. ಎರಡು ಕ್ರೋಮೋಸೋಮು ತುಂಡಾಗಿ ತುಂಡುಗಳು ಅದಲು ಬದಲಾಗಿವೆ. ನಿಮಗೆ ನಾನು ಇದನ್ನ ಬಿಡಿಸಿ ಹೇಳ್ಬೇಕಿಲ್ಲ ಅನ್ಸುತ್ತೆ ಮೇಡಂ."

ಬೇಕಿರಲಿಲ್ಲ. ಹದಿಮೂರು ವರ್ಷ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಆದರೂ ಆ ಕ್ಷಣ ಹೊಳೆದದ್ದು ಒಂದೇ: ನನ್ನ ಮಗಳು ಸಿರಿ ಈಗ ಐದನೇ ಕ್ಲಾಸು. ನನ್ನಪ್ಪ ಹೋದಾಗ ನಾನು ಒಂಬತ್ತನೇ ಕ್ಲಾಸಾದರೂ ಇದ್ದೆ.

"ಮಗಳಿಗೆ ಬರುತ್ತಾ?" ಎಂದು ಕೇಳಿದೆ.

"ಇಲ್ಲ. ಇದು ವಂಶದಲ್ಲಿ ಬರೋದಲ್ಲ. ಯಾವಾಗಲೋ ಒಂದು ಕೋಶದಲ್ಲಿ ಆಗಿದ್ದು. ಆ ತಪ್ಪಿನಿಂದ ಒಂದು ಪ್ರೋಟೀನು ಹುಟ್ಟುತ್ತೆ, ಅದು ಕೋಶಕ್ಕೆ ಒಡೆದು ಎರಡಾಗು ಅಂತ ಹೇಳ್ತಾನೇ ಇರುತ್ತೆ, ನಿಲ್ಲಿಸೋದೇ ಇಲ್ಲ. ಅದರ ಬಾಯಿಗೆ ಬಟ್ಟೆ ತುರುಕೋ ಮಾತ್ರೆ ಇದೆ. ದಿನಾ ಒಂದು. ಹೊಟ್ಟೆ ತುಂಬ ಊಟ ಮಾಡಿ ನುಂಗಬೇಕು. ಒಂದು ದಿನವೂ ಬಿಡೋ ಹಾಗಿಲ್ಲ."

ಮಹದೇವ ಆಗ ಮಾತಾಡಿದರು. "ಎಷ್ಟ್ ದಿನ ತಗೋಬೇಕು?"

"ಸದ್ಯಕ್ಕೆ ಕೊನೆ ಇಲ್ಲ ಅಂತ್ಲೇ ಅಂದ್ಕೊಳ್ಳಿ. ನಮಗೆ ಪಾಠ ಮಾಡಿದ ಡಾಕ್ಟರುಗಳ ಕಾಲಕ್ಕೂ ಈಗಿನ ಕಾಲಕ್ಕೂ ಬಹಳ ಬದಲಾಗಿದೆ ಸರ್. ಮುಂಚೆ ಈ ಕಾಯಿಲೆಗೆ ನಾವು ಹೀಗೆ ಕೂತು ಮಾತಾಡ್ತಾ ಇರ್ಲಿಲ್ಲ."

ಅವ್ವನಿಗೆ ಹೇಳುವುದು ಕಷ್ಟವಾಯಿತು. ಕ್ಯಾನ್ಸರ್ ಎಂಬ ಮಾತು ಬಿಟ್ಟು ಹೇಳೋಣ ಎಂದರು ಮಹದೇವ. ನಾನು ಒಪ್ಪಲಿಲ್ಲ. ಬೀದಿಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದ ಕೇಳಲಿ. ಅವ್ವ ಮಣೆಯ ಮುಂದೆ ಕೂತಿದ್ದಳು. ಮಂಡಿನೋವಿದ್ದರೂ ಹೊಸೆಯುವುದನ್ನು ಬಿಟ್ಟಿಲ್ಲ. ಬಿಟ್ಟರೆ ಕೈ ಮರಗಟ್ಟುತ್ತದೆ ಎಂದು ವಾದ. ಪೂರ್ತಿ ಕೇಳಿಸಿಕೊಂಡು, ಕೈಯ ಹಿಟ್ಟನ್ನು ನೋಡುತ್ತಾ ಕೇಳಿದಳು:

"ಈ ಪುಡಿ ಧೂಳು ಕುಡುದು ಕುಡುದು ಬಂದದಾ ಮಗ? ನಿನ್ನ ಈ ಮಣೆ ಪಕ್ದಲ್ಲೇ ಮಲಗಿಸ್ಕತಿದ್ದೆ."

"ಇಲ್ಲ ಅವ್ವ. ಯಾರಿಂದ್ಲೂ ಬಂದಿದ್ದಲ್ಲ. ಡಾಕ್ಟ್ರೇ ಹೇಳಿದ್ರು."

"ಅವ್ರು ನಿನ್ ಸಮಾಧಾನಕ್ಕೆ ಯೋಳ್ತಾರೆ."

"ನಾನೂ ಅದೇ ಓದಿರೋದು ಕಣವ್ವ. ನಾನೇ ಹೇಳ್ತಿದೀನಿ."

ಅದಕ್ಕೆ ಒಪ್ಪಿದಳು, ಮತ್ತೆ ಕಡ್ಡಿ ಕೈಗೆತ್ತಿಕೊಂಡಳು. ನಾನು ಓದಿರುವುದರ ಮೇಲೆ ಅವಳಿಗೆ ನನಗಿಂತ ಹೆಚ್ಚು ನಂಬಿಕೆ.

ಮಾತ್ರೆ ಶುರುವಾಯಿತು. ಮೊದಲ ತಿಂಗಳು ಕಣ್ಣಿನ ಸುತ್ತ ಊತ. ಬೆಳಗ್ಗೆ ಕನ್ನಡಿಯಲ್ಲಿ ನೋಡಿದರೆ ರಾತ್ರಿಯಿಡೀ ಅತ್ತವಳ ಹಾಗೆ ಇರುತ್ತಿದ್ದೆ, ಅತ್ತಿರುತ್ತಿರಲಿಲ್ಲ. ಪಾಠ ಮಾಡುವಾಗ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಡಸ್ಟರ್ ಹಿಡಿದು ಬೋರ್ಡಿನ ಕಡೆ ತಿರುಗಿ, ಹಲ್ಲು ಕಚ್ಚಿ ನಿಂತು, ಸರಿಹೋದ ಮೇಲೆ ಮಕ್ಕಳ ಕಡೆ ತಿರುಗುತ್ತಿದ್ದೆ. ರಜೆ ಹಾಕಲಿಲ್ಲ. ಮನೆಯಲ್ಲಿ ಕೂತರೆ ಕಾಯಿಲೆಯವಳಾಗುತ್ತೇನೆ ಅನ್ನಿಸಿತ್ತು. ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ, ರಜೆ ಬೇಕಾದವರು ಹಾಕಿ. ನನಗೆ ನಿಂತು ಪಾಠ ಮಾಡುವುದೇ ಬೇಕಿತ್ತು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ನನಗೆ ಸಿಕ್ಕವರು ಜಯಮ್ಮ. ಸಿದ್ಧಾರ್ಥನಗರದಲ್ಲಿ ಎರಡು ಮನೆಗೆ ಅಡುಗೆ ಮಾಡುತ್ತಾರೆ. ಅವರಿಗೂ ಇದೇ ಕಾಯಿಲೆ, ಎಂಟು ವರ್ಷದಿಂದ. ಎಂಟು ವರ್ಷ ಎಂದು ಅವರು ಹೇಳಿದಾಗ ನಾನು ಅವರ ಮುಖವನ್ನೇ ನೋಡಿದೆ. ವೀಳ್ಯದೆಲೆ ಹಾಕಿ ಕೆಂಪಾದ ತುಟಿ, ತಲೆಯಲ್ಲಿ ಕನಕಾಂಬರ. ಆ ಮುಖ ನೋಡಿ ಸಿಕ್ಕ ಧೈರ್ಯ ನನಗೆ ಯಾವ ರಿಪೋರ್ಟಿನಿಂದಲೂ ಸಿಕ್ಕಿರಲಿಲ್ಲ.

"ನೀವು ಟೀಚರ್ರಾ?" ಎಂದು ಅವರೇ ಕೇಳಿದ್ದು.

"ಹೇಗೆ ಗೊತ್ತಾಯ್ತು?"

"ಕ್ಯೂ ಸೊಟ್ಟಗಿದ್ರೆ ಸರಿ ಮಾಡ್ತಿದ್ರಲ್ಲ ಆಗ್ಲೇ. ರೋಗಿಗಳು ಸುಮ್ನೆ ನಿಂತ್ಕತಾರೆ ಕಣಮ್ಮ."

ಮಾತ್ರೆ ನುಂಗಿದ ತಕ್ಷಣ ಮಲಗಬೇಡಿ, ದೊಡ್ಡ ಲೋಟ ನೀರು ಕುಡಿಯಿರಿ, ಚಕ್ಕೋತ ಹಣ್ಣು ಈ ಮಾತ್ರೆಗೆ ಆಗೋದಿಲ್ಲ, ಅದರ ಆಸೆ ಬಿಡಿ ಎಂದು ಹೇಳಿಕೊಟ್ಟವರು ಅವರೇ. ಡಾಕ್ಟರೂ ಹೇಳಿದ್ದರು. ಆದರೆ ನುಂಗುವವರು ಹೇಳಿದ್ದು ಬೇರೆ ಥರ ಕಿವಿಗೆ ಹೋಗುತ್ತದೆ.

ಎರಡು ತಿಂಗಳಲ್ಲಿ ಬಿಳಿ ಕಣದ ಲೆಕ್ಕ ಎಲ್ಲರ ಹಾಗಾಯಿತು. ಆದರೆ ಈ ಕಾಯಿಲೆಯಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಮೂರು ತಿಂಗಳಿಗೊಮ್ಮೆ ಇನ್ನೂ ಸೂಕ್ಷ್ಮವಾದ ಪರೀಕ್ಷೆ ಮಾಡುತ್ತಾರೆ. ಆ ಕೆಟ್ಟ ಕೋಶಗಳ ಗುರುತು ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ನೂರರ ಲೆಕ್ಕದಲ್ಲಿ ಹೇಳುವ ಪರೀಕ್ಷೆ. ಆ ಅಂಕಿ ಇಳಿಯುತ್ತಾ ಇರಬೇಕು. ಇಳಿಯದೆ ಏರಿದರೆ ಮಾತ್ರೆ ಸೋಲುತ್ತಿದೆ ಎಂದರ್ಥ. ನನಗೆ ಮೂರನೇ ತಿಂಗಳಿಗೆ ಏಳು ಬಂತು. ಡಾಕ್ಟರು ನಕ್ಕರು. "ಒಳ್ಳೇ ಹುಡುಗಿ" ಅಂದರು, ನನಗಿಂತ ಚಿಕ್ಕವರು!

ಆ ದಿನವೇ ಅವ್ವ ಹರಕೆಯ ವಿಷಯ ಹೇಳಿದ್ದು.

"ನಂಜುಂಡಪ್ಪಂಗೆ ಕಟ್ಕಂಡಿದ್ದೆ ಮಗ. ನಿನ್ ರಕ್ತ ಸರಿಹೋದ್ರೆ ಒಂದ್ ವರ್ಷ ಸೋಮಾರ ಸೋಮಾರ ನಿನ್ ಕೈಲೇ ಉಪಾಸ ಮಾಡುಸ್ತೀನಿ ಅಂತ. ಬರೀ ನೀರು. ಮಂಗಳಾರ ಬೆಳಿಗ್ಗೆ ಪ್ರಸಾದ ತಿಂದು ಬುಡೋದು."

ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಯಾಕೆ ಅನ್ನುವುದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ನನ್ನ ಹಾಗೆ ಓದಿ ಮೇಲೆ ಬಂದವರಲ್ಲಿ ಇನ್ನೂ ಕೆಲವರು ಇದೇ ತಪ್ಪು ಮಾಡುತ್ತಾರೆ. ನನ್ನನ್ನು ಓದಿಸಿದ ಇಷ್ಟು ವರ್ಷದಲ್ಲಿ ಅವ್ವ ನನ್ನಿಂದ ಏನನ್ನೂ ಕೇಳಿರಲಿಲ್ಲ. ಮೊದಲ ಸಂಬಳದಲ್ಲಿ ಸೀರೆ ತಂದರೆ "ಇದ್ಯಾಕ್ ತಂದೆ" ಎಂದು ಬೈದಿದ್ದಳು. ಈಗ ಮೊದಲ ಸಲ ಒಂದು ಕೇಳಿದಳು, ಅದೂ ನನಗೋಸ್ಕರ. "ಆಗಲಿ ಅವ್ವ" ಅಂದೆ.

ಮೊದಲ ಸೋಮವಾರ ಖಾಲಿ ಹೊಟ್ಟೆಯಲ್ಲೇ ಮಾತ್ರೆ ನುಂಗಿ ಕಾಲೇಜಿಗೆ ಹೋದೆ. ಎರಡನೇ ಪೀರಿಯಡ್ಡಿನಲ್ಲಿ ಹೊಟ್ಟೆ ತೊಳೆಸಿ, ಲ್ಯಾಬಿನ ಸಿಂಕಿಗೆ ಓಡಿದೆ. ಮಾತ್ರೆ ಕರಗದೆ ಹಾಗೇ ಬಿತ್ತು. ಎರಡನೇ ಸೋಮವಾರವೂ ಅದೇ.

ಮೂರನೇ ಸೋಮವಾರ ನಾನು ಮಾತ್ರೆ ತೆಗೆದುಕೊಳ್ಳಲೇ ಇಲ್ಲ.

ಹೇಗೂ ವಾಂತಿಯಾಗುವ ಮಾತ್ರೆ ನುಂಗಿ ಏನು ಪ್ರಯೋಜನ ಎಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕಿಂತ ದೊಡ್ಡ ವಾದವೂ ಒಂದಿತ್ತು. ಔಷಧಿ ರಕ್ತದಲ್ಲಿ ಅರ್ಧಕ್ಕರ್ಧ ಇಳಿಯಲು ಎಷ್ಟು ಗಂಟೆ ಬೇಕು ಎಂದು ನನಗೆ ಗೊತ್ತಿತ್ತು. ಭಾನುವಾರದ್ದು ಸೋಮವಾರಕ್ಕೂ ಸ್ವಲ್ಪ ಉಳಿದಿರುತ್ತದೆ, ಮಂಗಳವಾರ ಬೆಳಗ್ಗೆ ಮತ್ತೆ ಹಾಕಿದರಾಯಿತು ಎಂದು ಕಾಲೇಜಿನ ಲೈಬ್ರರಿಯಲ್ಲಿ ಕಾಗದದ ಮೇಲೆ ಗ್ರಾಫ್ ಬರೆದು ನೋಡಿ ಸಮಾಧಾನ ಮಾಡಿಕೊಂಡೆ. ಜಯಮ್ಮ ಈ ತಪ್ಪು ಮಾಡುತ್ತಿರಲಿಲ್ಲ. ಡಾಕ್ಟರು ದಿನಾ ಅಂದರೆ ಅವರಿಗೆ ದಿನಾ. ಗ್ರಾಫ್ ಬರೆಯಲು ಬರುತ್ತಿದ್ದುದರಿಂದ ನಾನು ಮಾಡಿದೆ.

ಯಾರಿಗೂ ಹೇಳಲಿಲ್ಲ. ಮಾತ್ರೆಯ ಹಾಳೆಯಿಂದ ಸೋಮವಾರದ್ದನ್ನು ತೆಗೆದು ಬ್ಯಾಗಿನ ಒಳಜೇಬಿಗೆ ಹಾಕುತ್ತಿದ್ದೆ, ಮನೆಯಲ್ಲಿ ಅವ್ವನಿಗೂ ಮಹದೇವರಿಗೂ ಹಾಳೆ ಖಾಲಿಯಾಗಿದ್ದು ಕಾಣಲಿ ಎಂದು. ಸೋಮವಾರ ಸಂಜೆ ಅವ್ವ ನನ್ನ ಹಣೆಗೆ ವಿಭೂತಿ ಹಚ್ಚಿ "ಸುಸ್ತಾಯ್ತಾ ಕಂದ?" ಎಂದು ಕೇಳುವಾಗ, ಅವಳ ಕಣ್ಣಿನಲ್ಲಿದ್ದ ನೆಮ್ಮದಿ ನೋಡಿ ನನ್ನ ಲೆಕ್ಕ ಸರಿ ಇದೆ ಅನ್ನಿಸುತ್ತಿತ್ತು.

ಆರನೇ ತಿಂಗಳಿಗೆ ಅಂಕಿ ಒಂದೂವರೆ ಬಂತು. "ಒಂದರ ಕೆಳಗೆ ಬಂದಿದ್ರೆ ಚೆನ್ನಾಗಿತ್ತು. ಇರಲಿ, ಇಳೀತಾ ಇದೆ. ಮಾತ್ರೆ ಸರಿಯಾಗಿ ತಗೋತಿದ್ದೀರಲ್ಲ?" ಎಂದರು ಡಾಕ್ಟರು. "ಹೂಂ" ಅಂದೆ. ಆ ಹೂಂ ನನ್ನ ಜೀವನದಲ್ಲಿ ನಾನು ಹೇಳಿದ ಅತ್ಯಂತ ಸುಲಭದ ಸುಳ್ಳು.

ಒಂಬತ್ತನೇ ತಿಂಗಳಿಗೆ ಬಂದದ್ದು ನಾಲ್ಕು ಪಾಯಿಂಟ್ ಎರಡು.

ಡಾಕ್ಟರು ಎರಡು ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಈ ಸಲ ನಗಲಿಲ್ಲ. ಮಹದೇವ ಪಕ್ಕದಲ್ಲೇ ಕೂತಿದ್ದರು. ನಾನೇ ಹೇಳಿದೆ. "ಸೋಮವಾರ ತಗೊಳ್ತಾ ಇರಲಿಲ್ಲ ಮೇಡಂ. ಆರು ತಿಂಗಳಿಂದ."

ಮಹದೇವ ತಿರುಗಿ ನನ್ನನ್ನು ನೋಡಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ.

"ಹೇಳಿದ್ದು ಒಳ್ಳೇದಾಯ್ತು. ಎಷ್ಟೋ ಜನ ಹೇಳೋದೇ ಇಲ್ಲ. ಬಿಟ್ಟಿದ್ದಕ್ಕೇ ಏರಿದೆಯೋ, ಬಿಡದೇ ಇದ್ರೂ ಏರ್ತಿತ್ತೋ, ಅದು ನನಗೂ ಗೊತ್ತಿಲ್ಲ. ಇವತ್ತಿಂದ ಒಂದೂ ಬಿಡಬೇಡಿ. ಇನ್ನೊಂದು ರಕ್ತ ಪರೀಕ್ಷೆ ಕಳಿಸ್ತೀನಿ. ಆ ಪ್ರೋಟೀನು ರೂಪ ಬದಲಾಯಿಸ್ಕೊಂಡಿದೆಯಾ ಅಂತ ನೋಡಬೇಕು."

"ಬದಲಾಯಿಸ್ಕೊಂಡಿದ್ರೆ?"

"ಎರಡನೇ ಮಾತ್ರೆ ಇದೆ. ಬಹಳಷ್ಟು ಬದಲಾವಣೆಗೆ ಅದು ಕೆಲಸ ಮಾಡುತ್ತೆ. ಒಂದು ಥರದ್ದಕ್ಕೆ ಮಾತ್ರ ಮೊದಲನೇದೂ ಕೂರಲ್ಲ, ಎರಡನೇದೂ ಕೂರಲ್ಲ. ಅದಾಗಿದ್ರೆ ಬೇರೆ ದಾರಿ ಹುಡುಕಬೇಕು. ನಿಮಗೆ ಅಣ್ಣ ತಮ್ಮ, ಅಕ್ಕ ತಂಗಿ ಇದ್ದಾರಾ?"

ಯಾಕೆ ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ಮಜ್ಜೆ ಕೊಡುವುದಕ್ಕೆ. "ಇಲ್ಲ" ಅಂದೆ.

ರಕ್ತ ಬೆಂಗಳೂರಿಗೆ ಹೋಯಿತು. ಮೂರು ವಾರ ಎಂದರು.

ಸ್ಕೂಟರಿನಲ್ಲಿ ಮನೆಗೆ ಬರುವಾಗ ಮಹದೇವ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ತಿರುಗದೇ ಹೇಳಿದರು: "ಬ್ರೇಕ್ ಸರಿಯಿಲ್ಲದ ಬಸ್ಸನ್ನ ವಾರಕ್ಕೊಂದ್ಸಲ ತಾನೇ ಅಂತ ರೋಡಿಗೆ ಬಿಟ್ರೆ ನನ್ನ ಸಸ್ಪೆಂಡ್ ಮಾಡ್ತಾರೆ ಕಣೇ."

"ನನ್ನೂ ಮಾಡಿ" ಅಂದೆ.

"ಅತ್ತೆಗೆ ನೀನೇ ಹೇಳು" ಎಂದರು.

ಹೇಳಿದೆ. ಅವ್ವ ಅಂಗಳದಲ್ಲಿ ಒಣಗಲು ಹರಡಿದ್ದ ಕಡ್ಡಿಗಳನ್ನು ಕಟ್ಟು ಕಟ್ಟುತ್ತಿದ್ದಳು. ಅವಳ ಎದುರು ನೆಲದ ಮೇಲೆ ಕೂತು, ಬ್ಯಾಗಿನ ಒಳಜೇಬಿನಲ್ಲಿ ಉಳಿದಿದ್ದ ಮಾತ್ರೆಗಳನ್ನು ತೆಗೆದು ಚಾಪೆಯ ಮೇಲಿಟ್ಟೆ.

"ಇವೇನು?"

"ಸೋಮವಾರದ್ದು. ಉಪವಾಸದಲ್ಲಿ ನುಂಗಿದ್ರೆ ವಾಂತಿ ಆಗ್ತಿತ್ತು. ಅದಕ್ಕೆ ತಗೊಂಡಿಲ್ಲ. ಈಗ ಕಾಯಿಲೆ ಮತ್ತೆ ಏರಿದೆ ಅವ್ವ."

ಅವ್ವ ಒಂದೊಂದಾಗಿ ಮುಟ್ಟಿ ನೋಡಿದಳು. ನಾನು ಅಳುತ್ತಾಳೆ ಅಂದುಕೊಂಡಿದ್ದೆ.

"ನಾನು ಅನ್ನ ಬುಡು ಅಂದೆ. ನೀನು ಮಾತ್ರೆ ಬುಟ್ಟೆ" ಎಂದಳು. ಧ್ವನಿ ಏರಲಿಲ್ಲ. "ಮಾತ್ರೆ ಬುಡು ಅಂತ ನಂಜುಂಡಪ್ಪ ಯೋಳಿದ್ನಾ? ನಾನು ಯೋಳಿದ್ನಾ? ಎಂ.ಎಸ್ಸಿ. ಓದುಸ್ದೆ ನಿನ್ನ. ಇಂಗಾಯ್ತದೆ ಅವ್ವ, ವಾಂತಿ ಆಯ್ತದೆ, ಉಪಾಸ ಬ್ಯಾಡ ಅಂತ ಒಂದ್ ಮಾತು ಬಾಯಲ್ಲಿ ಬರ್ಲಿಲ್ವಾ?"

"ನೀನು ನನ್ನ ಏನೂ ಕೇಳಿರ್ಲಿಲ್ಲ ಇಷ್ಟು ವರ್ಷ. ಇದೊಂದು ಕೇಳ್ದೆ."

"ಅದ್ಕೆ ಸತ್ತೋಯ್ತಿಯಾ?"

ಅವ್ವ ಎದ್ದಳು, ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು. ಒಳಗೆ ಹೋದಳು. ಪಾತ್ರೆಯ ಸದ್ದು ಕೇಳಿಸಿತು. ತಟ್ಟೆಯಲ್ಲಿ ಅನ್ನ, ಸೊಪ್ಪಿನ ಸಾರು ತಂದು ನನ್ನ ಮುಂದಿಟ್ಟಳು. ಅಂದು ಸೋಮವಾರ. ಬೆಳಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ.

"ತಿನ್ನು. ತಿಂದು ನುಂಗು. ನನ್ ಕಣ್ಮುಂದೆ."

ತಿಂದೆ. ನುಂಗಿದೆ. ಅವಳು ಸೆರಗಿನಿಂದ ನನ್ನ ಬಾಯಿ ಒರೆಸಿ, ಆಮೇಲೆ ಅತ್ತಳು.

ಮರುವಾರದಿಂದ ಸೋಮವಾರದ ಉಪವಾಸ ಅವಳೇ ಹಿಡಿದಳು. ನಂಜನಗೂಡಿಗೆ ಹೋಗಿ ದೇವರಿಗೆ ಹೇಳಿ ಬಂದಳಂತೆ. ಏನು ಹೇಳಿದೆ ಎಂದು ಕೇಳಿದೆ. "ಅವ್ಳು ಓದ್ದೋಳು, ಅವ್ಳಿಗೆ ಬುದ್ಧಿ ಕಮ್ಮಿ, ನಾನೇ ಮಾಡ್ತೀನಿ ಅಂದೆ" ಎಂದಳು.

ಆ ಮೂರು ವಾರ ನಾನು ಸುಮ್ಮನೆ ಕೂರಲಿಲ್ಲ. ಲೈಬ್ರರಿಯ ಕಂಪ್ಯೂಟರಿನಲ್ಲಿ ಸಂಶೋಧನೆಯ ಲೇಖನಗಳನ್ನು ಹುಡುಕಿ ಹುಡುಕಿ ಓದಿದೆ. ಈ ಸಲ ನನ್ನ ತಪ್ಪಿಗೆ ಸಮರ್ಥನೆ ಹುಡುಕುವುದಕ್ಕಲ್ಲ. ನನ್ನ ಪಠ್ಯಪುಸ್ತಕದಲ್ಲಿ ಕೋಶ ಎಂದರೆ ಗೋಡೆ, ಒಳಗೆ ನ್ಯೂಕ್ಲಿಯಸ್ಸು, ಸುತ್ತ ಒಂದಿಷ್ಟು ಹೆಸರು ಬರೆದ ಚಿತ್ರ. ಇಲ್ಲಿ ಒಂದೇ ಒಂದು ಪ್ರೋಟೀನಿನಲ್ಲಿ ಮಾತ್ರೆ ಹೋಗಿ ಕೂರುವ ಒಂದೇ ಒಂದು ಕುಳಿಯ ಆಕಾರವನ್ನು ಜನ ವರ್ಷಗಟ್ಟಲೆ ಕೂತು ನೋಡಿದ್ದಾರೆ. ಕುಳಿಯ ಯಾವ ಅಂಚು ಬಾಗಿದರೆ ಯಾವ ಮಾತ್ರೆ ಜಾರುತ್ತದೆ, ಜಾರಿದರೆ ಅದಕ್ಕೆ ತಕ್ಕ ಇನ್ನೊಂದನ್ನು ಹೇಗೆ ಮಾಡುವುದು ಎಂದು ಕಂಡುಕೊಂಡಿದ್ದಾರೆ. ಮಾತ್ರೆಗೆ ಸಿಗದೆ ಮಜ್ಜೆಯ ಮೂಲೆಯಲ್ಲಿ ನಿದ್ದೆ ಮಾಡುವ ಕೋಶಗಳನ್ನು ಎಬ್ಬಿಸುವುದು ಹೇಗೆ ಎಂದು ಈಗಲೂ ಹುಡುಕುತ್ತಿದ್ದಾರೆ. ಕೆಲವರು ಡಾಕ್ಟರ ಕಾವಲಿನಲ್ಲಿ ಮಾತ್ರೆಯನ್ನೇ ನಿಲ್ಲಿಸಿ ಚೆನ್ನಾಗಿದ್ದಾರೆ ಎಂದೂ ಓದಿದೆ. ಯಾವುದೋ ದೇಶದ ಯಾವುದೋ ಲ್ಯಾಬಿನಲ್ಲಿ ಯಾರೋ ನನ್ನ ಕಾಯಿಲೆಯ ಬಗ್ಗೆ ಹಟ ಹಿಡಿದು ಕೂತಿದ್ದಾರೆ. ಅವರು ಅಷ್ಟು ಹಟ ಮಾಡಿದ ಮಾತ್ರೆಯನ್ನು ನಾನು ಬ್ಯಾಗಿನ ಜೇಬಿಗೆ ಹಾಕಿದ್ದೆ. ನಾಚಿಕೆಯಾಯಿತು. ಆ ನಾಚಿಕೆಯಿಂದ ಉಪಯೋಗವೂ ಆಯಿತು: ಸಿಕ್ಕರೆ ಇನ್ನೊಂದು ಅವಕಾಶವನ್ನು ಬಿಡುವುದಿಲ್ಲ ಎಂದು ಗಟ್ಟಿ ಮಾಡಿಕೊಂಡೆ.

ರಿಪೋರ್ಟ್ ಬಂದ ದಿನ ಅವ್ವನೂ ಬರುತ್ತೇನೆಂದು ಹಟ ಮಾಡಿ ಬಂದಳು. ಬೆಂಚಿನಲ್ಲಿ ಜಯಮ್ಮ ಇದ್ದರು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ವಿಷಯವೆಲ್ಲ ಅವ್ವನೇ ಅವರಿಗೆ ಹೇಳಿಬಿಟ್ಟಳು, ಮಾತ್ರೆ ಬಚ್ಚಿಟ್ಟಿದ್ದೂ ಸೇರಿ.

ಜಯಮ್ಮ ನನ್ನ ಕಡೆ ತಿರುಗಿ ನೋಡಿದರು. "ಅಲ್ಲ ಟೀಚರಮ್ಮ, ಮಕ್ಕಳು ಹೋಮ್‌ವರ್ಕ್ ಬಚ್ಚಿಟ್ರೆ ನೀವೇನ್ ಮಾಡ್ತೀರ?"

"ಹೊರಗೆ ನಿಲ್ಲಿಸ್ತೀನಿ."

"ಮತ್ತೆ ಎದ್ದು ನಿಂತ್ಕಳಿ. ಜಾಗ ಆಗುತ್ತೆ, ನಿಮ್ಮವ್ವ ಕಾಲ್ ಚಾಚ್ಕತಾರೆ."

ನಿಜವಾಗಿಯೂ ಎದ್ದು ನಿಂತೆ. ಕೂರುವುದಕ್ಕೆ ಆಗುತ್ತಲೂ ಇರಲಿಲ್ಲ.

ಒಳಗೆ ಕರೆದರು. ಡಾಕ್ಟರು ಕಾಗದ ನೋಡಿ, ನನ್ನನ್ನು ನೋಡಿ, ಮೊದಲ ಮಾತಿನಲ್ಲೇ ಹೇಳಿದರು: "ಬದಲಾವಣೆ ಇದೆ. ಆದ್ರೆ ಆ ಕೆಟ್ಟದ್ದಲ್ಲ. ಎರಡನೇ ಮಾತ್ರೆ ಕೂರುತ್ತೆ."

ಮಹದೇವ ಮುಖ ಉಜ್ಜಿಕೊಂಡರು. ಅವ್ವನಿಗೆ ಅರ್ಥವಾಗಲಿಲ್ಲ, ನಮ್ಮಿಬ್ಬರ ಮುಖ ನೋಡಿ ಅರ್ಥ ಮಾಡಿಕೊಂಡಳು.

"ಆದ್ರೆ ಇದರ ಕ್ರಮ ಬೇರೆ" ಎಂದರು ಡಾಕ್ಟರು. "ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆ ಅಂತರ. ಶುರು ಮಾಡೋ ಮುಂಚೆ ಇಸಿಜಿ ತೆಗೀಬೇಕು. ಇನ್ನೊಂದು ಮುಖ್ಯ ವಿಷಯ. ಇದನ್ನ ಖಾಲಿ ಹೊಟ್ಟೇಲೇ ತಗೋಬೇಕು. ನುಂಗೋ ಎರಡು ಗಂಟೆ ಮುಂಚಿನಿಂದ ಏನೂ ತಿನ್ನಬಾರದು, ನುಂಗಿದ ಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಊಟದ ಜೊತೆ ತಗೊಂಡ್ರೆ ಔಷಧಿ ರಕ್ತದಲ್ಲಿ ಜಾಸ್ತಿ ಸೇರಿ ಹೃದಯಕ್ಕೆ ತೊಂದರೆ ಆಗಬಹುದು."

ನಾನು ಬರೆದುಕೊಳ್ಳುತ್ತಿದ್ದೆ. ಅವ್ವ ಕುರ್ಚಿಯಿಂದ ಮುಂದಕ್ಕೆ ಬಾಗಿದಳು.

"ಏನಂದ್ರಿ ಡಾಕ್ಟ್ರಮ್ಮ? ಉಪಾಸ ಇರ್ಬೇಕಾ?"

"ಹೌದಮ್ಮ. ಬೆಳಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ."

"ದಿನಾಲೂ?"

"ದಿನಾಲೂ."

ಅವ್ವ ಹಿಂದಕ್ಕೆ ಒರಗಿದಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಆಸ್ಪತ್ರೆಯಲ್ಲಿದ್ದೇನೆ ಎಂಬುದನ್ನೂ ಮರೆತು ಗಟ್ಟಿಯಾಗಿ ಹೇಳಿದಳು: "ನೋಡ್ದಾ? ನಂಜುಂಡಪ್ಪ ವಾರಕ್ಕೊಂದಪ ಕೇಳ್ದ, ಸುಳ್ಳು ಮಾಡ್ದೆ. ಈಗ ದಿನಾಲೂ ಕೇಳ್ತಾವ್ನೆ. ಎರಡೊಪ್ಪತ್ತು!"

ಡಾಕ್ಟರು ನಗು ತಡೆಯಲು ರಿಪೋರ್ಟನ್ನು ಮುಖಕ್ಕೆ ಹಿಡಿದರು. ಮಹದೇವ ನಕ್ಕೇಬಿಟ್ಟರು. ರೋಗ ಬಂದ ಮೇಲೆ ಅವರು ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು.

ಆ ದಿನದಿಂದ ನಮ್ಮ ಮನೆಯ ಗಡಿಯಾರ ಅವ್ವನ ಕೈಗೆ ಹೋಯಿತು. ಅವಳಿಗೆ ಓದಲು ಬರುವುದಿಲ್ಲ, ಗಂಟೆ ಮುಳ್ಳು ಚೆನ್ನಾಗಿ ಗೊತ್ತು. ಸಂಜೆ ನಾಲ್ಕೂವರೆ ದಾಟಿದ ಮೇಲೆ ಯಾರು ಬಂದರೂ ನನ್ನ ಕೈಗೆ ಏನೂ ಸೇರಕೂಡದು. ಪಕ್ಕದ ಮನೆಯವರು ಗೃಹಪ್ರವೇಶದ ಹೋಳಿಗೆ ತಂದರೆ ಬಾಗಿಲಲ್ಲೇ ತಡೆದು, "ಇವ್ಳಿಗೆ ಈಗ ಕೊಡ್ಬೇಡಿ ಕಣ್ರವ್ವ, ಏಳೂವರೆ ಆಗ್ಲಿ. ನಿಮ್ ಹೋಳಿಗೆ ಎಲ್ಲೂ ಓಡೋಗಾಕಿಲ್ಲ" ಎಂದು ತಟ್ಟೆ ಕಿತ್ತುಕೊಂಡು ಮುಚ್ಚಿಟ್ಟಳು. ಆರೂವರೆಗೆ ಸರಿಯಾಗಿ ಮಾತ್ರೆ, ನೀರು. ಅವಳೆದುರೇ ನುಂಗಬೇಕು, ನುಂಗಿದ ಮೇಲೆ ಬಾಯಿ ತೆಗೆದು ತೋರಿಸಬೇಕು. ಸಿರಿಗೆ ಇದು ಭಾರಿ ತಮಾಷೆ. ನನಗೆ ಮೊದಮೊದಲು ಅವಮಾನವಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಹಾಗೆ ನೋಡಿದರೆ, ಅವಮಾನ ಆಗಬೇಕಾದವಳು ನಾನೇ.

ಎರಡನೇ ಮಾತ್ರೆಗೆ ಮೈ ತುರಿಸಿತು, ತಲೆನೋವು ಬಂತು, ಒಂದು ತಿಂಗಳಲ್ಲಿ ತಗ್ಗಿತು. ಮೂರನೇ ತಿಂಗಳಿಗೆ ಅಂಕಿ ಒಂದರ ಕೆಳಗಿಳಿಯಿತು. ಹೋದ ವಾರ ಒಂಬತ್ತನೇ ತಿಂಗಳ ರಿಪೋರ್ಟ್ ಬಂತು. ಮನೆಗೆ ತಂದು ಅವ್ವನಿಗೆ ಓದಿದೆ.

"ಸೊನ್ನೆ ಪಾಯಿಂಟ್ ಸೊನ್ನೆ ನಾಲ್ಕು."

ಅವ್ವನ ಮುಖ ಸಪ್ಪಗಾಯಿತು. ನನ್ನ ಮಾರ್ಕ್ಸ್ ಕಾರ್ಡುಗಳನ್ನು ಬೇರೆಯವರಿಂದ ಓದಿಸಿ ಕೇಳಿದವಳು ಅವಳು. "ಎರಡೆರಡು ಸೊನ್ನೆನಾ?"

"ಇದರಲ್ಲಿ ಸೊನ್ನೆ ಬಂದಷ್ಟೂ ಒಳ್ಳೇದು ಕಣವ್ವ. ಡಾಕ್ಟ್ರು ಬಹಳ ಖುಷಿಪಟ್ರು."

"ಅಂಗಾರೆ ಪೂರ್ತಿ ಸೊನ್ನೆ ಯಾಕ್ ಬರ್ಲಿಲ್ಲ?"

"ಬರುತ್ತೆ."

"ಯಾವಾಗ?"

ಯಾವಾಗ ಎಂದು ಡಾಕ್ಟರಿಗೂ ಗೊತ್ತಿಲ್ಲ. ಪೂರ್ತಿ ಬರದೆಯೂ ಎಷ್ಟೋ ಜನ ಬಹಳ ವರ್ಷ ಬದುಕುತ್ತಾರೆ, ಜಯಮ್ಮನ ಹಾಗೆ. ಬಂದರೆ, ಬಂದು ಕೆಲವು ವರ್ಷ ಹಾಗೇ ನಿಂತರೆ, ಮಾತ್ರೆ ನಿಲ್ಲಿಸಿ ನೋಡುವ ಮಾತು ಆಡೋಣ ಎಂದಿದ್ದಾರೆ. ಅದನ್ನೆಲ್ಲ ಬಿಡಿಸಿ ಹೇಳಿದೆ. ಯಾವುದನ್ನೂ ಬಚ್ಚಿಡಲಿಲ್ಲ.

ಅವ್ವ ಪೂರ್ತಿ ಕೇಳಿದಳು. ಕೇಳಿ, ಕೈಯಲ್ಲಿದ್ದ ಕಡ್ಡಿಯನ್ನು ಮಣೆಯ ಮೇಲೆ ಹೊಸೆದು ಪಕ್ಕಕ್ಕಿಟ್ಟು, ಇನ್ನೊಂದು ಕಡ್ಡಿ ತೆಗೆದುಕೊಂಡಳು. "ನೀನು ಪಿಯುಸೀಲಿ ಒಂದಪ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿ ಪಾಸ್ ಮಾಡ್ದೋಳು ತಾನೆ? ಕಟ್ಟು" ಎಂದಳು.

ಫೇಲಾದ ಆ ವರ್ಷವನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಕೊಂಡಿರಲಿಲ್ಲ, ನನ್ನ ವಿದ್ಯಾರ್ಥಿಗಳಿಗಂತೂ ಇಲ್ಲವೇ ಇಲ್ಲ. ಈಗ ಬರೆದಿದ್ದೇನೆ. ಓದುತ್ತಿರುವವರಲ್ಲಿ ಯಾರಾದರೂ ಒಂದು ಮಾತ್ರೆಯನ್ನು ಬ್ಯಾಗಿನಲ್ಲೋ, ಸೆರಗಿನಲ್ಲೋ, ತಲೆದಿಂಬಿನ ಕೆಳಗೋ ಇಟ್ಟುಕೊಂಡಿದ್ದರೆ, ತೆಗೆದು ಮನೆಯವರ ಮುಂದೆ ಇಡಿ. ಬೈಸಿಕೊಳ್ಳಿ. ಆಮೇಲೆ ಕಟ್ಟೋಣ, ಮತ್ತೆ.